ಹೊಗೆಗೆ ಕೊಟ್ಟ ಗಡುವು

1985ನೇ ಇಸವಿಯ 13029ನೇ ರಿಟ್ ಅರ್ಜಿಗಿರುವ ಆಯುಷ್ಯ ಸುಪ್ರೀಂ ಕೋರ್ಟಿನಲ್ಲಿ ಬಹಳ ಕಡಿಮೆ ಅರ್ಜಿಗಳಿಗೆ ಇದ್ದೀತು. ಅದನ್ನು ಹಾಕಿದವರು ದೆಹಲಿಯ ವಕೀಲ ಎಂ. ಸಿ. ಮೆಹ್ತಾ. ಭೋಪಾಲದ ಅನಿಲ ದುರಂತ ನಡೆದು ಆಗಿನ್ನೂ ಹೆಚ್ಚು ಕಾಲ ಕಳೆದಿರಲಿಲ್ಲ. ಉಸಿರಾಡುವ ಗಾಳಿಯೇ ಮನುಷ್ಯರನ್ನು ಕೊಲ್ಲಬಹುದು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವಾಯುಮಾಲಿನ್ಯ ತಡೆಯಲು 1981ರಲ್ಲೇ ಕಾಯ್ದೆ ಬಂದಿದೆ, ಆದರೂ ರಾಜಧಾನಿಯ ಬಸ್ಸು, ಲಾರಿ, ಸ್ಕೂಟರುಗಳ ಹೊಗೆಯನ್ನು ಕೇಳುವವರಿಲ್ಲ ಎಂಬುದು ಮೆಹ್ತಾ ಅವರ ದೂರು. ಮುಂದೆ 1998, 1999, 2002, 2017, 2018, ಕೊರೊನಾ ಕಾಲದ 2020ರಲ್ಲಿ ಹೊರಬಿದ್ದ ಆದೇಶಗಳ ಮೇಲೂ ಇದೇ ಅರ್ಜಿಯ ಸಂಖ್ಯೆ ಇದೆ. ಇಂದು ಬೈಕು ಕೊಳ್ಳಲು ಹೋದವರಿಗೆ ಶೋರೂಮಿನ ಹುಡುಗ ಸಲೀಸಾಗಿ ಹೇಳುವ 'ಬಿಎಸ್-6' ಎಂಬ ಮಾತಿನ ಹಿಂದೆ ಮೂವತ್ತೈದು ವರ್ಷಗಳ ವ್ಯಾಜ್ಯವಿದೆ. ಆ ವ್ಯಾಜ್ಯದ ಉದ್ದಕ್ಕೂ ಎದ್ದದ್ದು ಎರಡೇ ಪ್ರಶ್ನೆ: ಯಾವ ತಾರೀಖಿನಿಂದ? ಯಾವ ಊರಿನಿಂದ?

ಹೊಗೆಯ ನಿಯಮ ಎಂದರೆ ನಮಗೆ ಮೊದಲು ನೆನಪಾಗುವುದು ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟ್. ಅದರ ಬೇರು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಲ್ಲಿದೆ. ನಿಂತ ಗಾಡಿಯ ಎಂಜಿನ್ ಚಾಲೂ ಇಟ್ಟು, ಸೈಲೆನ್ಸರಿಗೆ ನಳಿಗೆ ತೂರಿಸಿ, ಕಾರ್ಬನ್ ಮಾನಾಕ್ಸೈಡ್ ಶೇಕಡಾ ಎಷ್ಟಿದೆ ಎಂದು ನೋಡುವ ಪರೀಕ್ಷೆ ಅದು. ಗಾಡಿಯ ತಯಾರಕರನ್ನು ಕಟ್ಟಿಹಾಕುವ ನಿಯಮ ಬೇರೆಯೇ. ಹೊಸ ಮಾದರಿಯ ಗಾಡಿಯನ್ನು ಪ್ರಯೋಗಾಲಯದ ಉರುಳೆಗಳ ಮೇಲೆ ನಿಲ್ಲಿಸಿ, ನಗರದ ಓಡಾಟದಂತೆ ನಿಲ್ಲಿಸುತ್ತ ಓಡಿಸುತ್ತ, ಒಂದು ಕಿಲೋಮೀಟರಿಗೆ ಎಷ್ಟು ಗ್ರಾಂ ವಿಷ ಹೊರಬಂತು ಎಂದು ಅಳೆಯುತ್ತಾರೆ. ಇದಕ್ಕಾಗಿ ಪುಣೆಯ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ ನಮ್ಮ ನಗರಗಳ ಸಂಚಾರವನ್ನು ಗಮನಿಸಿ ಒಂದು ಪರೀಕ್ಷಾ ಕ್ರಮ ರೂಪಿಸಿತು. ಅದರಲ್ಲಿ ಗಾಡಿಯ ಅತಿ ಹೆಚ್ಚಿನ ವೇಗ ಗಂಟೆಗೆ 42 ಕಿಲೋಮೀಟರ್. ಎಂಬತ್ತರ ದಶಕದ ಭಾರತದ ರಸ್ತೆ ಹೇಗಿತ್ತು ಎಂಬುದಕ್ಕೆ ಆ ಅಂಕಿಯೇ ಸಾಕ್ಷಿ.

ಈ ಬಗೆಯ ಮೊದಲ ರಾಷ್ಟ್ರೀಯ ಮಿತಿ ಪೆಟ್ರೋಲ್ ಗಾಡಿಗಳಿಗೆ 1991ರಲ್ಲಿ, ಡೀಸೆಲ್ ಗಾಡಿಗಳಿಗೆ 1992ರಲ್ಲಿ ಬಂತು. ಬಂದದ್ದೇನೋ ಬಂತು, ಯಾರನ್ನೂ ನೋಯಿಸಲಿಲ್ಲ. ಪೆಟ್ರೋಲ್ ಕಾರೊಂದು ತನ್ನ ತೂಕಕ್ಕೆ ತಕ್ಕಂತೆ ಕಿಲೋಮೀಟರಿಗೆ 14.3ರಿಂದ 27.1 ಗ್ರಾಂವರೆಗೆ ಕಾರ್ಬನ್ ಮಾನಾಕ್ಸೈಡ್ ಬಿಡಬಹುದಿತ್ತು. ಇಂದಿನ ಮಿತಿ 1 ಗ್ರಾಂ. ಆದರೂ 1991ನ್ನು ನಾನು ಕಡೆಗಣಿಸಲಾರೆ. ಗಾಡಿ ಮಾರುವವನು ಅದರ ಹೊಗೆಗೂ ಲೆಕ್ಕ ಕೊಡಬೇಕು ಎಂಬ ತತ್ವ ಈ ದೇಶದಲ್ಲಿ ಮೊದಲು ನೆಲೆಯೂರಿದ್ದು ಆಗ. ಅದೇ ವರ್ಷ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಕೆ. ಎನ್. ಸೈಕಿಯಾ ಅವರ ನೇತೃತ್ವದಲ್ಲಿ ಒಂದು ಸಮಿತಿ ನೇಮಿಸಿತು. ಹೊಗೆ ಹತ್ತಿಕ್ಕಲು ಏನೇನು ಮಾಡಬಹುದೆಂದು ಅದು ಸರಣಿ ವರದಿಗಳನ್ನು ಕೊಟ್ಟಿತು.

ಸಮಿತಿಯೂ ಕೋರ್ಟೂ ಮೊದಲು ಎದುರಿಸಬೇಕಾದ ಕಗ್ಗಂಟು ಇಂಧನದ್ದು. ಕಾರಿನ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪ್ಲಾಟಿನಂ ಜಾತಿಯ ಬೆಲೆಬಾಳುವ ಲೋಹಗಳ ತೆಳುವಾದ ಲೇಪವಿರುತ್ತದೆ. ಪೆಟ್ರೋಲಿನಲ್ಲಿ ಸೀಸ ಇದ್ದರೆ ಅದು ಈ ಲೇಪದ ಮೇಲೆ ಕೂತು ಕನ್ವರ್ಟರನ್ನು ಸಾಯಿಸುತ್ತದೆ. ಗಂಧಕವೂ ಅಷ್ಟೇ, ಸ್ವಲ್ಪ ನಿಧಾನ. ಎಂಜಿನ್ ಬಡಿದುಕೊಳ್ಳದಿರಲಿ ಎಂದು ಲೀಟರಿಗೆ 0.56 ಗ್ರಾಂವರೆಗೆ ಸೀಸ ಬೆರೆಸುತ್ತಿದ್ದ ಕಾಲ ಅದು. ಡೀಸೆಲಿನಲ್ಲಿ ನೂರಕ್ಕೆ ಒಂದು ಪಾಲು ಗಂಧಕ. ಕಾರು ಕಂಪನಿಯನ್ನು ಕೇಳಿದರೆ, ಒಳ್ಳೆಯ ಪೆಟ್ರೋಲ್ ಕೊಡಿ, ಒಳ್ಳೆಯ ಕಾರು ಕೊಡುತ್ತೇವೆ ಎನ್ನುತ್ತಿತ್ತು. ತೈಲ ಕಂಪನಿಯನ್ನು ಕೇಳಿದರೆ, ಅಂಥ ಕಾರುಗಳೇ ಇಲ್ಲದಾಗ ಯಾರಿಗಾಗಿ ಕೋಟಿಗಟ್ಟಲೆ ಸುರಿಯಬೇಕು ಎನ್ನುತ್ತಿತ್ತು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ನಡುವೆ ಕೆಮ್ಮುತ್ತಿದ್ದವರ ಪರವಾಗಿ ಮಾತಾಡಲು ಮಾತ್ರ ಆ ಮೇಜಿನಲ್ಲಿ ಯಾರೂ ಇರಲಿಲ್ಲ. ಆ ಹೊಣೆಯನ್ನು ಕೋರ್ಟ್ ಹೊತ್ತುಕೊಂಡಿತು. 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲ್ಕತ್ತಾ, ಮದ್ರಾಸುಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು, ಅಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ನಾಲ್ಕು ಮಹಾನಗರಗಳಿಗೆ ಒಂದು ನ್ಯಾಯ, ಉಳಿದ ದೇಶಕ್ಕೆ ಇನ್ನೊಂದು ಎಂಬ ಪದ್ಧತಿಗೆ ಅಡಿಪಾಯ ಬಿದ್ದದ್ದೂ ಅಂದೇ.

ಸೀಸ ಹಾಳು ಮಾಡುತ್ತಿದ್ದುದು ಕನ್ವರ್ಟರನ್ನು ಮಾತ್ರವಲ್ಲ ಎಂದು ಗಟ್ಟಿಯಾಗಿ ಹೇಳಿದವರು ಬೆಂಗಳೂರಿನವರು. ಇಲ್ಲಿನ ಜಾರ್ಜ್ ಫೌಂಡೇಶನ್ 1997ರಲ್ಲಿ ದೊಡ್ಡ ನಗರಗಳ ಜನರ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವ ಕೆಲಸಕ್ಕೆ ಕೈಹಾಕಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ಡಾ. ತುಪ್ಪಿಲ್ ವೆಂಕಟೇಶ್ ಈ ಕೆಲಸದ ಬೆನ್ನೆಲುಬಾಗಿದ್ದರು. ಪರೀಕ್ಷೆಗೆ ಒಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ, ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಎಂಬ ಅಂದಿನ ಎಚ್ಚರಿಕೆಯ ಗೆರೆಯನ್ನು ದಾಟಿದ ಸೀಸವಿತ್ತು. ಸೀಸ ಮಕ್ಕಳ ಬುದ್ಧಿ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಕೊಟ್ಟ ಪೆಟ್ಟು ಮತ್ತೆ ಸರಿಹೋಗುವುದಿಲ್ಲ. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದ ಫೆಬ್ರುವರಿ 1ಕ್ಕೆ, ಸೀಸ ಬೆರೆತ ಪೆಟ್ರೋಲ್ ಇಡೀ ದೇಶದ ಬಂಕುಗಳಿಂದ ಹೋಯಿತು. ನಮ್ಮ ಸಾರ್ವಜನಿಕ ಆರೋಗ್ಯದ ಚರಿತ್ರೆ ಬರೆಯುವವರು ಪೋಲಿಯೋ ಲಸಿಕೆಯ ಜೊತೆಗೆ ಈ ತಾರೀಖನ್ನೂ ಬರೆಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಶಾಲಾ ಪಠ್ಯದಲ್ಲಿ ಇದಕ್ಕೊಂದು ಸಾಲೂ ಇಲ್ಲದಿದ್ದರೆ ಅದು ಅನ್ಯಾಯ.

ದೆಹಲಿಯಲ್ಲಿ ಹೋರಾಟಕ್ಕೆ ದನಿ ಕೊಟ್ಟವರು ಅನಿಲ್ ಅಗರವಾಲ್. ಅವರು ಕಟ್ಟಿದ ವಿಜ್ಞಾನ ಮತ್ತು ಪರಿಸರ ಕೇಂದ್ರ 1996ರಲ್ಲಿ 'ಸ್ಲೋ ಮರ್ಡರ್' ಎಂಬ ಪುಸ್ತಕ ಹೊರತಂದಿತು. ಕೆಟ್ಟ ಎಂಜಿನ್, ಕೆಟ್ಟ ಇಂಧನ, ಕೆಟ್ಟ ನಿರ್ವಹಣೆ, ಹಿಡಿತವಿಲ್ಲದ ಸಾರಿಗೆ ನೀತಿ ಹೇಗೆ ಒಂದಕ್ಕೊಂದು ಸೇರಿ ಜನರನ್ನು ನಿಧಾನವಾಗಿ ಕೊಲ್ಲುತ್ತಿವೆ ಎಂದು ಅದು ಹೆಸರು ಹಿಡಿದು ಹೇಳಿತು. ಅಗರವಾಲ್ ಆ ಹೊತ್ತಿಗಾಗಲೇ ಕ್ಯಾನ್ಸರಿನೊಂದಿಗೆ ಸೆಣಸುತ್ತಿದ್ದರು. 1998ರ ಆರಂಭದಲ್ಲಿ ಭೂರೇ ಲಾಲ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಪರಿಸರ ಮಾಲಿನ್ಯ ಪ್ರಾಧಿಕಾರದಲ್ಲಿ ಅವರೂ ಸದಸ್ಯರಾದರು. ಅದರ ವರದಿಯನ್ನು ಆಧರಿಸಿ ಅದೇ ವರ್ಷದ ಜುಲೈ 28ರಂದು ಕೋರ್ಟ್ ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು ಹೇಳಿತು. ಆ ಸಿಎನ್‌ಜಿ ಪ್ರಕರಣವೇ ಬೇರೊಂದು ಪುರಾಣ, ಇಲ್ಲಿ ಅದನ್ನು ಬಿಚ್ಚುವುದಿಲ್ಲ. ನಮ್ಮ ಕಥೆಗೆ ಮುಖ್ಯವಾದದ್ದು 1999ರ ಏಪ್ರಿಲ್ 29ರ ಆದೇಶ.

ಅಂದಿನ ಸರ್ಕಾರಿ ಯೋಜನೆಯಂತೆ ಯುರೋಪಿನ ಮೊದಲ ಹಂತದ ನಿಯಮ, ಅಂದರೆ ಯೂರೋ-1, 'ಇಂಡಿಯಾ 2000' ಎಂಬ ಹೆಸರಿನಲ್ಲಿ 2000ದ ಏಪ್ರಿಲ್‌ನಿಂದ ಬರಬೇಕಿತ್ತು. ಯೂರೋ-2 ಅದಕ್ಕೆ ಐದು ವರ್ಷ ಆದಮೇಲೆ. ಕೋರ್ಟ್ ಎರಡನ್ನೂ ಮುಂದಕ್ಕೆಳೆಯಿತು. ರಾಜಧಾನಿ ಪ್ರದೇಶದಲ್ಲಿ 1999ರ ಜೂನ್ 1ರಿಂದ ಯೂರೋ-1 ಇಲ್ಲದ ಖಾಸಗಿ ಕಾರು ನೋಂದಣಿಯಾಗಬಾರದು, 2000ದ ಏಪ್ರಿಲ್ 1ರಿಂದ ಯೂರೋ-2 ಇಲ್ಲದ್ದು ಆಗಬಾರದು. ತಯಾರಕರು ಕಂಗಾಲಾದರು. ಆದರೆ ಐದು ವರ್ಷ ಬೇಕು ಎಂದಿದ್ದ ಕೆಲಸ ಒಂದು ವರ್ಷದೊಳಗೆ ಆಗಿಯೇ ಹೋಯಿತು. ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ಬಂತು. ಮಾರುತಿ 800ರ ಬೆನ್ನ ಮೇಲೆ 'ಎಂಪಿಎಫ್‌ಐ' ಎಂಬ ಅಕ್ಷರಗಳು ಮೂಡಿದ್ದು ಆಗಲೇ. ಸ್ಕ್ರೂಡ್ರೈವರ್ ಹಿಡಿದು ಕಿವಿಯಿಂದಲೇ ಎಂಜಿನ್ ಟ್ಯೂನ್ ಮಾಡುತ್ತಿದ್ದ ಎಷ್ಟೋ ಮೆಕ್ಯಾನಿಕ್‌ಗಳ ವಿದ್ಯೆ ಅಲ್ಲಿಂದ ಮೂಲೆಗೆ ಸರಿಯಿತು. ಈ ಬದಲಾವಣೆಯ ಬೆಲೆಯನ್ನು ಅವರೂ ತೆತ್ತಿದ್ದಾರೆ, ಇದನ್ನು ಮರೆತು ಚರಿತ್ರೆ ಬರೆಯಬಾರದು.

ಬೈಕು, ಸ್ಕೂಟರುಗಳ ಕಥೆ ಬೇರೆ ಜಾಡಿನಲ್ಲಿ ಸಾಗಿತು. ನಮ್ಮ ರಸ್ತೆಗಳಲ್ಲಿ ಎರಡು ಚಕ್ರದ ಗಾಡಿಗಳದ್ದೇ ಬಹುಮತ, ಅವುಗಳಲ್ಲಿ ಆಗ ಬಹುಪಾಲು ಟೂ-ಸ್ಟ್ರೋಕ್. ಬಂಕಿನಲ್ಲಿ ಪೆಟ್ರೋಲ್ ಜೊತೆ 2ಟಿ ಆಯಿಲ್ ಹಾಕಿಸಿಕೊಂಡವರಿಗೆ ಆ ನೀಲಿ ಹೊಗೆಯ ವಾಸನೆ ಇನ್ನೂ ನೆನಪಿರುತ್ತದೆ. ಅಂಥ ಎಂಜಿನ್ನಿನಲ್ಲಿ ಪೆಟ್ರೋಲಿನ ಒಂದು ಪಾಲು ಉರಿಯದೆ, ಎಣ್ಣೆಯ ಸಮೇತ ನೇರ ಹೊರಗೆ ಹೋಗುತ್ತದೆ. ಅದು ಯಂತ್ರದ ರಚನೆಯಲ್ಲೇ ಇರುವ ದೋಷ. ಈ ವಿಷಯದಲ್ಲಿ ಯುರೋಪಿನಿಂದ ಎರವಲು ತರುವಂಥದ್ದು ಹೆಚ್ಚೇನೂ ಇರಲಿಲ್ಲ. ಭಾರತ ತನ್ನದೇ ಮಿತಿಗಳನ್ನು 1991, 1996, 2000ದಲ್ಲಿ ಒಂದರ ಮೇಲೊಂದು ಬಿಗಿ ಮಾಡುತ್ತ ಬಂತು. 1991ರಲ್ಲಿ ಕಿಲೋಮೀಟರಿಗೆ 12ರಿಂದ 30 ಗ್ರಾಂ ಇದ್ದ ಕಾರ್ಬನ್ ಮಾನಾಕ್ಸೈಡ್ ಮಿತಿ 1996ರಲ್ಲಿ 4.5ಕ್ಕೆ, 2000ದಲ್ಲಿ 2ಕ್ಕೆ ಇಳಿಯಿತು. ಅಂದಿಗೆ ಜಗತ್ತಿನ ಕಠಿಣ ಮಿತಿಗಳ ಸಾಲಿಗೆ ಸೇರುವಂಥದ್ದು ಅದು. ಯಾವ ಕೋರ್ಟಿನ ಗುಡುಗೂ ಇಲ್ಲದೆ ನಡೆದ ಈ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಮೈಸೂರಿಗೆ ಇದರ ಬಿಸಿ ಬೇರೆ ಬಗೆಯಲ್ಲಿ ತಟ್ಟಿತು. ಅರವತ್ತರ ದಶಕದ ಆರಂಭದಿಂದ ಜಾವಾ, ಆಮೇಲೆ ಯೆಜ್ಡಿ ಮೋಟಾರ್‌ಸೈಕಲ್‌ಗಳನ್ನು ದೇಶಕ್ಕೆಲ್ಲ ಕಳಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಣಕಾಸಿನ ಮುಗ್ಗಟ್ಟು, ನೂರು ಸಿಸಿ ಜಪಾನೀ ಬೈಕುಗಳ ಪೈಪೋಟಿ ಅದನ್ನು ಮೊದಲೇ ಹಣ್ಣು ಮಾಡಿದ್ದವು. ಟೂ-ಸ್ಟ್ರೋಕನ್ನೇ ನಂಬಿದ್ದ ಆ ಕಾರ್ಖಾನೆಗೆ ಹೊಗೆಯ ನಿಯಮ ಮುಂದಿನ ದಾರಿಯನ್ನೂ ಮುಚ್ಚಿತು. ಯಮಹಾ ಆರ್‌ಎಕ್ಸ್100 ನಿಂತದ್ದೂ ಅದೇ ವರ್ಷ. ಈ ಗಾಡಿಗಳ ಸದ್ದನ್ನು ಇಂದಿಗೂ ಪ್ರೀತಿಯಿಂದ ನೆನೆಯುವವರು ಮೈಸೂರು, ಬೆಂಗಳೂರುಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಕೆಲಸ ಕಳೆದುಕೊಂಡ ಕುಟುಂಬಗಳ ನೋವು ದೊಡ್ಡದು. ಆದರೂ ಆ ಹೊಗೆ ಮತ್ತೆ ಬೇಕೆಂದು ನಾನು ಹೇಳಲಾರೆ.

2001ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಆರ್. ಎ. ಮಾಶೇಲ್ಕರ್ ಅವರ ಅಧ್ಯಕ್ಷತೆಯಲ್ಲಿ ಇಂಧನ ನೀತಿಯ ಸಮಿತಿ ರಚಿಸಿತು. ಯಾವ ಇಂಧನ ಬಳಸಬೇಕೆಂದು ಹೇಳುವುದು ಸರ್ಕಾರದ ಕೆಲಸವಲ್ಲ, ಹೊಗೆ ಎಷ್ಟಿರಬಹುದೆಂದು ಹೇಳಿದರೆ ಸಾಕು ಎಂಬುದು ಅದರ ನಿಲುವು. ಸಿಎನ್‌ಜಿ ಆದೇಶವನ್ನು ದುರ್ಬಲಗೊಳಿಸಲೆಂದೇ ಈ ಸಮಿತಿ ಎಂದು ಪರಿಸರವಾದಿಗಳು ಕಿಡಿಕಾರಿದರು. 2002ರ ಜನವರಿ 2ರಂದು ಅನಿಲ್ ಅಗರವಾಲ್ ತೀರಿಕೊಂಡರು. ಮೂರು ತಿಂಗಳ ನಂತರ, ಏಪ್ರಿಲ್ 5ರಂದು, ಕೋರ್ಟ್ ಸಿಎನ್‌ಜಿಯನ್ನೇ ಎತ್ತಿಹಿಡಿಯಿತು. ಅದನ್ನು ನೋಡಲು ಅವರಿರಲಿಲ್ಲ.

ಮಾಶೇಲ್ಕರ್ ವರದಿಯಿಂದ 2003ರಲ್ಲಿ ಹೊರಟ ನೀತಿ ದೇಶಕ್ಕೆ ಮೊದಲ ಬಾರಿಗೆ ಒಂದು ವೇಳಾಪಟ್ಟಿ ಕೊಟ್ಟಿತು. ಅದರ ಉಪಕಾರ ದೊಡ್ಡದು: ಕೋರ್ಟಿನ ಮುಂದಿನ ಆದೇಶಕ್ಕೆ ಹೆದರುತ್ತ ಕೂರುವ ಬದಲು ಕಾರ್ಖಾನೆಗಳು ಮುಂದಿನ ಹತ್ತು ವರ್ಷಕ್ಕೆ ತಯಾರಾಗಬಹುದಿತ್ತು. ಆದರೆ ಅದೇ ನೀತಿ ದೇಶವನ್ನು ಎರಡು ಭಾಗ ಮಾಡಿತು. ಬೆಂಗಳೂರೂ ಸೇರಿ ಹನ್ನೊಂದು ನಗರಗಳಿಗೆ ಯೂರೋ-2ರ ಮಾದರಿಯ ಭಾರತ್ ಸ್ಟೇಜ್-2 (ಬಿಎಸ್-2) ನಿಯಮ 2003ರ ಏಪ್ರಿಲ್ ಹೊತ್ತಿಗೆ, ಉಳಿದ ದೇಶಕ್ಕೆ 2005ಕ್ಕೆ. ಹನ್ನೊಂದು ನಗರಗಳಿಗೆ ಮೂರನೇ ಹಂತ 2005ಕ್ಕೆ, ಉಳಿದವರಿಗೆ 2010ಕ್ಕೆ. ಬೆಂಗಳೂರಿನಲ್ಲಿ ನೋಂದಣಿಯಾಗುವ ಗಾಡಿಗೆ ಒಂದು ಕಾನೂನು, ಎಪ್ಪತ್ತು ಕಿಲೋಮೀಟರ್ ಆಚೆಯ ತುಮಕೂರಿನಲ್ಲಿ ನೋಂದಣಿಯಾಗುವ ಗಾಡಿಗೆ ಇನ್ನೊಂದು. ಹುಬ್ಬಳ್ಳಿಯ ಮಗುವಿನ ಶ್ವಾಸಕೋಶ ಬೆಂಗಳೂರಿನ ಮಗುವಿನದಕ್ಕಿಂತ ಗಟ್ಟಿ ಎಂದು ಯಾವ ವೈದ್ಯರೂ ಹೇಳಿರಲಿಲ್ಲ. ಸಂಸ್ಕರಣಾಗಾರಗಳಿಗೆ ಅಷ್ಟು ಶುದ್ಧ ಡೀಸೆಲ್ ಒಮ್ಮೆಗೇ ತಯಾರಿಸಲು ಆಗುವುದಿಲ್ಲ ಎಂಬ ಕಾರಣ ನಿಜವೇ. ಆದರೆ ತಾತ್ಕಾಲಿಕ ಎಂದು ಶುರುವಾದ ಈ ಭೇದ 1995ರಿಂದ 2017ರವರೆಗೆ ನಡೆಯಿತು.

ನಗರಗಳಿಗಾದರೂ ಇದರಿಂದ ಪೂರ್ತಿ ಲಾಭ ಸಿಗಲಿಲ್ಲ. ಲಾರಿಗಳು ಯಾವ ಊರಿನಲ್ಲೋ ನೋಂದಣಿಯಾಗಿ, ಯಾವ ಹೆದ್ದಾರಿಯ ಬಂಕಿನಲ್ಲೋ ಡೀಸೆಲ್ ತುಂಬಿಸಿಕೊಂಡು ರಾತ್ರಿ ಹೊತ್ತು ನಗರ ಸೇರುತ್ತಿದ್ದವು. ನಗರಕ್ಕೆಂದು ತಯಾರಾದ ನಾಲ್ಕನೇ ಹಂತದ ಲಾರಿ ಹೊರಗಿನ ಗಂಧಕದ ಡೀಸೆಲ್ ಕುಡಿದರೆ ಅದರ ಶುದ್ಧೀಕರಣ ಸಾಧನ ಕೆಡುತ್ತಿತ್ತು. ಅದಕ್ಕೆ ಹೆದರಿ ಮಾಲೀಕರು ಹಳೆಯ ಹಂತದ ಲಾರಿಯನ್ನೇ ಹೊರಗಿನ ಊರುಗಳಲ್ಲಿ ಕೊಳ್ಳುತ್ತಿದ್ದರು. 2010ರ ಏಪ್ರಿಲ್‌ನಲ್ಲಿ ಹದಿಮೂರು ನಗರಗಳಿಗೆ ನಾಲ್ಕನೇ ಹಂತ ಬಂದಾಗ ಮಾರುತಿ 800 ಆ ನಗರಗಳ ಶೋರೂಮುಗಳಿಂದ ಹೋಯಿತು, ಸಣ್ಣ ಊರುಗಳಲ್ಲಿ ಉಳಿಯಿತು. 2014ರ ಆರಂಭದಲ್ಲಿ ತಯಾರಿಕೆಯೇ ನಿಂತಿತು.

2014ರಲ್ಲಿ ಸೌಮಿತ್ರ ಚೌಧುರಿ ಸಮಿತಿ ಮುಂದಿನ ದಾರಿಯ ನಕ್ಷೆ ಕೊಟ್ಟಾಗ ಐದನೇ ಹಂತ 2020ಕ್ಕೆ, ಆರನೆಯದು 2024ಕ್ಕೆ ಎಂದಿತ್ತು. ಅಷ್ಟರಲ್ಲಿ ಮೂರು ಸಂಗತಿಗಳು ಒಂದಾದ ಮೇಲೊಂದು ನಡೆದವು. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಡೀಸೆಲ್ ಕಾರುಗಳ ಪರೀಕ್ಷೆಯಲ್ಲಿ ಮೋಸ ಮಾಡಿದ್ದು ಅಮೆರಿಕದಲ್ಲಿ ಬಯಲಾಯಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದಲ್ಲಿ 2000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. 2016ರ ಜನವರಿ 1ರಿಂದ ದೆಹಲಿಯಲ್ಲಿ ಕಾರುಗಳು ದಿನ ಬಿಟ್ಟು ದಿನ ಓಡುವ ಸಮ-ಬೆಸ ಸಂಖ್ಯೆಯ ಪ್ರಯೋಗ ಶುರುವಾಯಿತು. ಜನವರಿ 6ರಂದು ಸಾರಿಗೆ ಸಚಿವ ನಿತಿನ್ ಗಡ್ಕರಿ ಸಹೋದ್ಯೋಗಿ ಸಚಿವರ ಜೊತೆ ಚರ್ಚಿಸಿ, ಐದನೇ ಹಂತವನ್ನು ಬಿಟ್ಟು 2020ರ ಏಪ್ರಿಲ್ 1ಕ್ಕೆ ನೇರವಾಗಿ ಆರಕ್ಕೆ ಹೋಗುವುದಾಗಿ ಘೋಷಿಸಿದರು. ಯುರೋಪ್ ನಾಲ್ಕರಿಂದ ಆರಕ್ಕೆ ಒಂಬತ್ತು ವರ್ಷ ತೆಗೆದುಕೊಂಡಿತ್ತು. ಇಲ್ಲಿ ನಾಲ್ಕನೇ ಹಂತ ದೇಶದಾದ್ಯಂತ ಬಂದ ಮೂರೇ ವರ್ಷಕ್ಕೆ ಆರನೆಯದು.

ಆ ನಾಲ್ಕನೇ ಹಂತ ಬಂದ ಬಗೆಯೂ ಸುಲಭದ್ದಲ್ಲ. 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್-4 ಎಂದು ವರ್ಷಗಳ ಮೊದಲೇ ತಿಳಿದಿತ್ತು. ಆದರೆ ನಿಯಮದಲ್ಲಿ ಇದ್ದದ್ದು 'ತಯಾರಿಕೆ'ಯ ತಾರೀಖು. ಮಾರ್ಚ್ 31ರೊಳಗೆ ತಯಾರಿಸಿಟ್ಟರೆ ಆಮೇಲೆ ನಿಧಾನವಾಗಿ ಮಾರಬಹುದು ಎಂದು ಕಂಪನಿಗಳು ಲೆಕ್ಕ ಹಾಕಿದ್ದವು. ಹಿಂದಿನ ಎರಡು ಬದಲಾವಣೆಗಳಲ್ಲಿ ಹಾಗೇ ನಡೆದಿತ್ತು. ಮಾರ್ಚ್ ಕೊನೆಗೆ ಮಾರಾಟವಾಗದ ಬಿಎಸ್-3 ಗಾಡಿಗಳು 8.24 ಲಕ್ಷ, ಅವುಗಳಲ್ಲಿ 6.71 ಲಕ್ಷ ಎರಡು ಚಕ್ರದವು. ಮಾರ್ಚ್ 29ರಂದು ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಅವರ ಪೀಠ, ಕಂಪನಿಗಳ ವ್ಯಾಪಾರಕ್ಕಿಂತ ಕೋಟ್ಯಂತರ ಜನರ ಆರೋಗ್ಯ ದೊಡ್ಡದೆಂದು ಹೇಳಿ ಏಪ್ರಿಲ್ 1ರಿಂದ ಅವುಗಳ ಮಾರಾಟವನ್ನೇ ನಿಷೇಧಿಸಿತು. ಕಾಲಕ್ಕೆ ಸರಿಯಾಗಿ ಬದಲಾಗಿದ್ದ ಬಜಾಜ್ ಆಟೊ ಕೋರ್ಟಿನಲ್ಲಿ ನಿಷೇಧದ ಪರ ನಿಂತಿತ್ತು. ಮಾತು ಉಳಿಸಿಕೊಂಡವನಿಗೆ ನಷ್ಟ, ತಡಮಾಡಿದವನಿಗೆ ಲಾಭ ಆಗಬಾರದು ಎಂಬ ಅದರ ವಾದ ನನಗೆ ಇಂದಿಗೂ ಸರಿ ಎನ್ನಿಸುತ್ತದೆ.

ಉಳಿದದ್ದು ಎರಡು ದಿನ. ಮಾರ್ಚ್ 30 ಮತ್ತು 31ರಂದು ಶೋರೂಮುಗಳು ಸಂತೆಯಾದವು. ಕೆಲವು ಮಾದರಿಗಳಿಗೆ ಇಪ್ಪತ್ತು ಸಾವಿರ ರೂಪಾಯಿ ದಾಟಿದ ರಿಯಾಯಿತಿ. ಮನೆಯ ಮೊದಲ ಬೈಕು ಅಂದೇ ಬಂತು ಎನ್ನುವ ಕುಟುಂಬಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ, ಅವರ ಸಂತೋಷವನ್ನು ತಪ್ಪೆನ್ನಲಾಗದು. ಆದರೆ ಹೊಗೆ ನಿಲ್ಲಿಸಲೆಂದು ಹೊರಡಿಸಿದ ಆದೇಶ, ಹೆಚ್ಚು ಹೊಗೆಯ ಗಾಡಿಗಳನ್ನು ಎರಡು ದಿನದಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ತಲುಪಿಸಿತು ಎಂಬುದೂ ನಿಜ.

ಮುಂದಿನ ಸಲ ಕೋರ್ಟ್ ಹದಿನೇಳು ತಿಂಗಳು ಮೊದಲೇ ಬಾಗಿಲು ಹಾಕಿತು. ಬಿಎಸ್-4 ಗಾಡಿಗಳನ್ನು 2020ರ ಏಪ್ರಿಲ್ ನಂತರವೂ ಕೆಲವು ತಿಂಗಳು ನೋಂದಣಿ ಮಾಡಲು ಸರ್ಕಾರ ಕೊಟ್ಟಿದ್ದ ವಿನಾಯಿತಿಯನ್ನು 2018ರ ಅಕ್ಟೋಬರ್ 24ರಂದು ರದ್ದು ಮಾಡಿತು. ಆ ಪೀಠದಲ್ಲಿ ಲೋಕೂರ್, ಗುಪ್ತಾ ಅವರ ಜೊತೆಗಿದ್ದವರು ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್. ತೈಲ ಕಂಪನಿಗಳು ಸುಮಾರು 35,000 ಕೋಟಿ ರೂಪಾಯಿ ಹಾಕಿ ಸಂಸ್ಕರಣಾಗಾರಗಳನ್ನು ನವೀಕರಿಸಿದವು. ಮಂಗಳೂರಿನ ಎಂಆರ್‌ಪಿಎಲ್ ಕೂಡ ಅದರಲ್ಲಿ ಸೇರಿತ್ತು. ಹೆಚ್ಚಿನ ಒತ್ತಡದಲ್ಲಿ ಜಲಜನಕ ಹಾಯಿಸಿ ಡೀಸೆಲಿನ ಗಂಧಕವನ್ನು ಬೇರ್ಪಡಿಸುವ ಘಟಕಗಳು ಎದ್ದವು. ಒಂದು ಕಾಲಕ್ಕೆ ಹತ್ತು ಲಕ್ಷದಲ್ಲಿ ಹತ್ತು ಸಾವಿರ ಭಾಗವಿದ್ದ ಗಂಧಕ ಹತ್ತು ಭಾಗಕ್ಕೆ ಇಳಿಯಿತು. ಅದರ ಬಲದ ಮೇಲೆ ಡೀಸೆಲ್ ಗಾಡಿಗಳಿಗೆ ಮಸಿ ಹಿಡಿಯುವ ಫಿಲ್ಟರ್, ಲಾರಿಗಳಿಗೆ ಹೊಗೆ ಶುದ್ಧಿ ಮಾಡುವ, ಚಾಲಕರು 'ಯೂರಿಯಾ' ಎಂದೇ ಕರೆಯುವ ದ್ರಾವಣ ಬಂದವು. ಡೀಸೆಲ್ ಕಾರಿನ ಮಸಿಯ ಕಣಗಳ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 4.5ಕ್ಕೆ, ಸಾರಜನಕದ ಆಕ್ಸೈಡುಗಳ ಮಿತಿ 250ರಿಂದ 80ಕ್ಕೆ ಇಳಿಯಿತು. ಖರ್ಚಿಗೆ ಅಂಜಿ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು.

2020ರ ಏಪ್ರಿಲ್ 1 ಬಂದಾಗ ದೇಶ ಲಾಕ್‌ಡೌನಿನಲ್ಲಿತ್ತು. ದೇಶದ ಎಲ್ಲ ಬಂಕುಗಳಿಗೂ ಒಂದೇ ಗುಣಮಟ್ಟದ ಇಂಧನ ತಲುಪಿತ್ತು, ಹಾಕಿಸಿಕೊಳ್ಳುವವರಿರಲಿಲ್ಲ. ಮಾರಾಟಗಾರರ ಒಕ್ಕೂಟದ ಮೊರೆಗೆ ಓಗೊಟ್ಟು ಕೋರ್ಟ್, ಉಳಿದ ಬಿಎಸ್-4 ಗಾಡಿಗಳಲ್ಲಿ ಶೇಕಡಾ 10ರಷ್ಟನ್ನು ಲಾಕ್‌ಡೌನ್ ಮುಗಿದ ಹತ್ತು ದಿನಗಳಲ್ಲಿ, ದೆಹಲಿ ಪ್ರದೇಶ ಬಿಟ್ಟು ಬೇರೆಡೆ ಮಾರಲು ಒಪ್ಪಿತು. ಮಿತಿ ಮೀರಿ ಮಾರಿದ್ದು ಗೊತ್ತಾದಾಗ ಜುಲೈ 8ರಂದು ಆ ಅನುಮತಿಯನ್ನು ಹಿಂತೆಗೆದುಕೊಂಡಿತು.

2023ರ ಏಪ್ರಿಲ್‌ನಿಂದ ಹೊಸ ಕಾರುಗಳು ಪ್ರಯೋಗಾಲಯದಲ್ಲಿ ಪಾಸಾದರಷ್ಟೇ ಸಾಲದು, ನಿಜವಾದ ರಸ್ತೆಯಲ್ಲಿ ಓಡುವಾಗಲೂ ಮಿತಿಯೊಳಗೆ ಇರಬೇಕು. ಫೋಕ್ಸ್‌ವ್ಯಾಗನ್ ಪ್ರಕರಣ ಕಲಿಸಿದ ಪಾಠ ಅದು. ಆದರೆ ಈ ಕಟ್ಟಳೆಗಳೆಲ್ಲ ಹೊಸ ಗಾಡಿಗೆ. 2017ರ ಮಾರ್ಚ್ 31ರಂದು ರಿಯಾಯಿತಿಯಲ್ಲಿ ಹೋದ ಬೈಕಿನ ನೋಂದಣಿ 2032ರವರೆಗೆ ನಡೆಯುತ್ತದೆ. ಬಿಎಸ್-6 ಲಾರಿಯ ಫಿಲ್ಟರ್ ನಾಲ್ಕು ವರ್ಷದ ಮೇಲೆ ಕೆಲಸ ಮಾಡುತ್ತಿದೆಯೇ, ಯೂರಿಯಾದ ಖರ್ಚು ಉಳಿಸಲು ಯಾರಾದರೂ ಆ ವ್ಯವಸ್ಥೆಯನ್ನೇ ಕಡಿದು ಹಾಕಿದ್ದಾರೆಯೇ ಎಂದು ತಿಳಿಯಲು ನಮ್ಮ ಬಳಿ ಇರುವುದು ಬಂಕಿನ ಪಕ್ಕದ ಅದೇ ಎಮಿಷನ್ ಟೆಸ್ಟ್. ಪೆಟ್ರೋಲ್ ಗಾಡಿಯಲ್ಲಿ ಅದು ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡುತ್ತದೆ, ಡೀಸೆಲ್ ಗಾಡಿಯಲ್ಲಿ ಹೊಗೆಯ ಕಪ್ಪು ನೋಡುತ್ತದೆ. ಬಿಎಸ್-6 ಅತಿ ಬಿಗಿಯಾಗಿ ಹಿಡಿದಿರುವ ಸಾರಜನಕದ ಆಕ್ಸೈಡುಗಳನ್ನು ಅದು ಅಳೆಯುವುದೇ ಇಲ್ಲ. 115ನೇ ನಿಯಮದ ಈ ಭಾಗಕ್ಕೂ ಈಗ ಒಂದು ತಾರೀಖು ಗೊತ್ತುಪಡಿಸಬೇಕು, ಎಲ್ಲ ಊರುಗಳಿಗೂ ಒಂದೇ ತಾರೀಖು.